‘ಈ ಕಾಲದಲ್ಲೂ ಹೊಟ್ಟೆ ಕೊಯ್ಯೋದಾ?’: ಗರ್ಭಕಂಠ ಕ್ಯಾನ್ಸರ್ ಆಪರೇಷನ್‌ನ 125 ವರ್ಷದ ಕಥೆ

ಈ ವಾರದ ಸಂಚಿಕೆ ಶುರುವಾಗೋದು ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದವರು ನಮ್ಮ ಕೇಳುಗರೊಬ್ಬರು, ಹೆಸರು ಬೇಡ ಅಂದಿದ್ದಾರೆ. ಅವರ ಅಮ್ಮನಿಗೆ ಗರ್ಭಕಂಠದ ಕ್ಯಾನ್ಸರ್ ಅಂತ ಗೊತ್ತಾಗಿದೆ. ಪುಣ್ಯಕ್ಕೆ ಇನ್ನೂ ಮೊದಲ ಹಂತ. ಡಾಕ್ಟರ್ ಆಪರೇಷನ್ ಮಾಡೋಣ ಅಂದಿದ್ದಾರೆ, ಆದರೆ ಹೊಟ್ಟೆ ಕೊಯ್ದೇ ಮಾಡಬೇಕು, ತೂತಿನ ಆಪರೇಷನ್ ಬೇಡ ಅಂದ್ರಂತೆ. ಇವರಿಗೆ ಸಿಟ್ಟು ಬಂದಿದೆ. ‘ನಮ್ಮಪ್ಪನ ಪಿತ್ತಕೋಶದ ಕಲ್ಲಿಗೆ ಸಣ್ಣ ಸಣ್ಣ ತೂತು ಮಾಡಿ ಆಪರೇಷನ್ ಮುಗಿಸಿ ಮೂರನೇ ದಿನಕ್ಕೆ ಮನೆಗೆ ಕಳಿಸಿದ್ರು. ಈ ಕಾಲದಲ್ಲೂ ಹೊಟ್ಟೆ ಕೊಯ್ಯೋದಾ? ಈ ಡಾಕ್ಟರ್ ಹಳೇ ಕಾಲದವರಾ?’

ಮೊದಲ ಸಲ ಕೇಳಿದಾಗ ನನಗೂ ಹಾಗೇ ಅನ್ನಿಸಿತು. ಆಮೇಲೆ ಓದ್ತಾ ಹೋದೆ. ಓದಿದ್ದನ್ನು ಈಗ ನಿಮಗೆ ಹೇಳ್ತೀನಿ. ನಾನು ಡಾಕ್ಟರ್ ಅಲ್ಲ, ಇದು ಚಿಕಿತ್ಸೆಯ ಸಲಹೆಯೂ ಅಲ್ಲ, ಇತಿಹಾಸ. ಆದರೆ ಆ ಡಾಕ್ಟರ್ ಯಾಕೆ ಹಾಗಂದ್ರು ಅನ್ನೋದು ಈ ಇತಿಹಾಸದೊಳಗೇ ಇದೆ.

ಮೊದಲು ಜಾಗ ಯಾವುದು ಅಂತ ಗೊತ್ತಾಗಲಿ. ಗರ್ಭಕೋಶವನ್ನು ತಲೆಕೆಳಗಾಗಿ ಹಿಡಿದ ಪುಟ್ಟ ಸೋರೆಬುರುಡೆ ಅಂದುಕೊಳ್ಳಿ. ಕೆಳಗೆ ಸಪೂರವಾಗಿರೋ ಕತ್ತೇ ಗರ್ಭಕಂಠ. ಹಳ್ಳಿ ಕಡೆ ಗರ್ಭಚೀಲದ ಬಾಯಿ ಅಂತಾರಲ್ಲ, ಅದು. ಅದರ ಎರಡೂ ಪಕ್ಕದಲ್ಲಿ, ಹೆಚ್ಚುಕಡಿಮೆ ಎರಡು ಸೆಂಟಿಮೀಟರ್ ದೂರದಲ್ಲಿ, ಕಿಡ್ನಿಯಿಂದ ಮೂತ್ರ ತರುವ ನಾಳ ಹಾದುಹೋಗುತ್ತೆ. ಆ ನಾಳದ ಮೇಲೆ ಅಡ್ಡಲಾಗಿ ಗರ್ಭಕೋಶಕ್ಕೆ ರಕ್ತ ಒಯ್ಯುವ ದೊಡ್ಡ ನಾಳ. ಸೇತುವೆ ಕೆಳಗೆ ನೀರು ಅಂತ ಮೆಡಿಕಲ್ ವಿದ್ಯಾರ್ಥಿಗಳು ಬಾಯಿಪಾಠ ಮಾಡೋದು ಇದನ್ನೇ. ಮುಂದೆ ಮೂತ್ರಕೋಶ, ಹಿಂದೆ ಗುದನಾಳ. ಸುತ್ತ ಮೆತ್ತನೆ ಅಂಗಾಂಶದೊಳಗೆ ಕೂದಲೆಳೆಯಂಥ ನರಗಳು. ಕ್ಯಾನ್ಸರ್ ಕೋಶಗಳು ಗರ್ಭಕಂಠ ಬಿಟ್ಟು ಮೊದಲು ಹೊರಡೋದು ಈ ಪಕ್ಕದ ಅಂಗಾಂಶದ ಕಡೆಗೆ, ಅಲ್ಲಿಂದ ಲಿಂಫ್ ಗ್ರಂಥಿಗಳಿಗೆ. ಹಾಗಾಗಿ ಬರೀ ಗರ್ಭಕೋಶ ತೆಗೆದರೆ ಬೇರು ಉಳಿದುಬಿಡಬಹುದು ಅನ್ನೋ ಭಯ. ಸುತ್ತಲಿನದನ್ನೂ ಸೇರಿಸಿ ತೆಗೆಯೋಣ ಅಂದ್ರೆ ಮೂತ್ರನಾಳಕ್ಕೆ ಕತ್ತರಿ ತಾಗುವ ಭಯ.

ಈಗ ವಿಯೆನ್ನಾಗೆ ಹೋಗೋಣ. 1898ರ ನವೆಂಬರ್ 16. ಅರ್ನ್‌ಸ್ಟ್ ವರ್ಥೈಮ್ ಅನ್ನೋ 34 ವರ್ಷದ ಸರ್ಜನ್ ಹೊಟ್ಟೆ ಕೊಯ್ದು ಗರ್ಭಕೋಶ, ಅದರ ಪಕ್ಕದ ಅಂಗಾಂಶ, ಯೋನಿಯ ಮೇಲ್ಭಾಗ, ಊದಿಕೊಂಡ ಗ್ರಂಥಿಗಳು, ಎಲ್ಲವನ್ನೂ ಒಟ್ಟಿಗೆ ತೆಗೆದ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜಾನ್ ಕ್ಲಾರ್ಕ್ 1895ರಲ್ಲೇ ಇಂಥದ್ದೊಂದು ಆಪರೇಷನ್ ಮಾಡಿದ್ದ. ಆದರೆ ಹೆಸರು ಉಳಿದದ್ದು ವರ್ಥೈಮ್‌ದೇ. ಕಾರಣ ಇಷ್ಟೇ. ಅವನು ಬಿಡದೆ ಮುಂದುವರಿಸಿದ, ಪ್ರತಿಯೊಂದರ ಲೆಕ್ಕ ಇಟ್ಟ, ಸತ್ತವರ ಲೆಕ್ಕವನ್ನೂ ಮುಚ್ಚಿಡದೆ ಪ್ರಕಟಿಸಿದ.

ಲೆಕ್ಕ ಭೀಕರವಾಗಿತ್ತು. ಮೊದಲ ನೂರು ಹೆಂಗಸರಲ್ಲಿ ಸುಮಾರು 30 ಮಂದಿ ಆಪರೇಷನ್‌ನಿಂದಲೇ ತೀರಿಕೊಂಡರು. ಕ್ಯಾನ್ಸರ್‌ನಿಂದ ಅಲ್ಲ, ಆಪರೇಷನ್‌ನಿಂದ. ಆಂಟಿಬಯಾಟಿಕ್ ಇರಲಿಲ್ಲ, ರಕ್ತ ಕೊಡುವ ವ್ಯವಸ್ಥೆ ಇರಲಿಲ್ಲ. ಹೊಟ್ಟೆಯೊಳಗೆ ಕೀವಾದರೆ ಮುಗೀತು. ಬದುಕಿದ ಕೆಲವರಿಗೆ ಮೂತ್ರನಾಳ ತೂತಾಗಿ ಜೀವನಪೂರ್ತಿ ಮೂತ್ರ ಸೋರುತ್ತಿತ್ತು. ಐನೂರು ಆಪರೇಷನ್‌ಗಳ ಪುಸ್ತಕ ಬರೆಯೋ ಹೊತ್ತಿಗೆ, ಅಂದ್ರೆ 1911ರ ಹೊತ್ತಿಗೆ, ಸಾವು ನೂರಕ್ಕೆ ಹತ್ತರ ಆಸುಪಾಸಿಗೆ ಇಳಿದಿತ್ತು. ಇವತ್ತು ನಮಗೆ ಇವನೇನು ಸರ್ಜನ್ನೋ ಕಟುಕನೋ ಅನ್ನಿಸಬಹುದು. ಆದರೆ ಬಂದ ಹೆಂಗಸರಿಗೆ ಬೇರೆ ದಾರಿ ಏನಿತ್ತು ಅಂತಲೂ ಕೇಳಿಕೊಳ್ಳಬೇಕಲ್ವಾ? ಏನೂ ಇರಲಿಲ್ಲ.

ಇಲ್ಲಿ ಒಂದು ಸಣ್ಣ ವಿಷಯ ನೆನಪಲ್ಲಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ. ಯೋನಿಯನ್ನು ಕತ್ತರಿಸೋ ಮುಂಚೆ, ಗಡ್ಡೆಯ ಕೆಳಗಡೆ, ವರ್ಥೈಮ್ ಒಂದು ಬಾಗಿದ ಇಕ್ಕಳ ಹಾಕಿ ಬಿಗಿಯಾಗಿ ಮುಚ್ಚಿಬಿಡುತ್ತಿದ್ದ. ಮೂಟೆಯ ಬಾಯಿಗೆ ಹಗ್ಗ ಬಿಗಿದ ಹಾಗೆ. ಗಡ್ಡೆಯ ಮೇಲಿನ ಕೊಳೆ, ಕ್ಯಾನ್ಸರ್ ಕೋಶ, ಯಾವುದೂ ಹೊಟ್ಟೆಯೊಳಗೆ ಚೆಲ್ಲಬಾರದು ಅಂತ.

ವರ್ಥೈಮ್‌ನನ್ನು ಒಪ್ಪದವರಲ್ಲಿ ದೊಡ್ಡವರು ಅವನ ಗುರುವೇ, ಫ್ರೀಡ್ರಿಶ್ ಶೌಟಾ. ಅವರದು ಬೇರೆ ವಾದ. ಹೊಟ್ಟೆ ತೆರೆಯೋದೇ ಸಾವಿಗೆ ಕಾರಣ ಆಗ್ತಿದ್ದರೆ ಹೊಟ್ಟೆ ಯಾಕೆ ತೆರೀಬೇಕು? 1901ರಲ್ಲಿ ಶೌಟಾ ಯೋನಿಯ ಮೂಲಕವೇ ಅಷ್ಟೂ ಅಂಗಾಂಶ ತೆಗೆದು ತೋರಿಸಿದರು. ಸಾವು ಕಡಿಮೆಯಾಯಿತು. ಆದರೆ ಆ ದಾರಿಯಿಂದ ಲಿಂಫ್ ಗ್ರಂಥಿಗಳಿಗೆ ಕೈ ಎಟುಕುತ್ತಿರಲಿಲ್ಲ. ಒಂದೇ ಊರಲ್ಲಿ ಗುರು ಒಂದು ಕಡೆ, ಶಿಷ್ಯ ಒಂದು ಕಡೆ, ವರ್ಷಗಟ್ಟಲೆ ಜಟಾಪಟಿ. ಶೌಟಾ 1919ರಲ್ಲಿ ತೀರಿಕೊಂಡರು, ವರ್ಥೈಮ್ 1920ರಲ್ಲಿ. ಜಗಳ ಮಾತ್ರ ಇತ್ಯರ್ಥ ಆಗಲಿಲ್ಲ.

ಅಷ್ಟರಲ್ಲಿ ಇಬ್ಬರನ್ನೂ ಬದಿಗೆ ಸರಿಸೋ ಮೂರನೆಯವನೊಬ್ಬ ಬಂದಿದ್ದ. ರೇಡಿಯಂ. ತಮಾಷೆ ನೋಡಿ, ಕ್ಯೂರಿ ದಂಪತಿ ರೇಡಿಯಂ ಕಂಡುಹಿಡಿದದ್ದನ್ನು ಘೋಷಿಸಿದ್ದು 1898ರ ಡಿಸೆಂಬರ್ 26ಕ್ಕೆ. ವರ್ಥೈಮ್‌ನ ಮೊದಲ ಆಪರೇಷನ್ ಆಗಿ ಆರು ವಾರಕ್ಕೆ. ಮುಂದಿನ ದಶಕಗಳಲ್ಲಿ ಪ್ಯಾರಿಸ್, ಸ್ಟಾಕ್‌ಹೋಮ್, ಮ್ಯಾಂಚೆಸ್ಟರ್‌ಗಳಲ್ಲಿ ರೇಡಿಯಂ ತುಂಬಿದ ಪುಟ್ಟ ಕೊಳವೆಗಳನ್ನು ಗರ್ಭಕಂಠದ ಹತ್ತಿರ ಇಟ್ಟು ಗಡ್ಡೆ ಕರಗಿಸೋ ಪದ್ಧತಿಗಳು ಬಂದವು. ಚಾಕು ಇಲ್ಲ, ಆಪರೇಷನ್ ಟೇಬಲ್ ಮೇಲೆ ಸಾಯೋ ಭಯ ಇಲ್ಲ. ನಮ್ಮ ಆಸ್ಪತ್ರೆಗಳ ವರಾಂಡದಲ್ಲಿ ಇವತ್ತಿಗೂ ಜನ ‘ಕರೆಂಟ್ ಕೊಡೋದು’ ಅನ್ನೋ ಚಿಕಿತ್ಸೆಯ ತಾಯಿಬೇರು ಇದೇ. ಬಹಳ ಕಡೆ ಸರ್ಜನ್‌ಗಳು ಈ ಕಾಯಿಲೆಯನ್ನು ಕೈಬಿಟ್ಟರು.

ಮೊದಲ ಹಂತ, ಎರಡನೇ ಹಂತ ಅಂತೆಲ್ಲ ಹೇಳೋ ಲೆಕ್ಕಾಚಾರವೂ ಈ ಕಾಲದ್ದೇ. ಒಂದೂರಿನ ರೇಡಿಯಂ ಫಲಿತಾಂಶವನ್ನು ಇನ್ನೊಂದೂರಿನದರ ಜೊತೆ ಹೋಲಿಸಬೇಕಲ್ಲ, ಅದಕ್ಕೆ 1929ರಲ್ಲಿ ಹಂತಗಳ ಪಟ್ಟಿ ಮಾಡಿಸಿದ್ದು ರಾಷ್ಟ್ರಸಂಘ. ಹೌದು, ವಿಶ್ವಸಂಸ್ಥೆಗಿಂತ ಮುಂಚೆ ಇತ್ತಲ್ಲ, ಎರಡನೇ ಮಹಾಯುದ್ಧ ತಡೆಯೋಕಾಗಲಿಲ್ಲ ಅಂತ ಸ್ಕೂಲಲ್ಲಿ ಓದಿದ್ದೀವಲ್ಲ, ಅದೇ ಸಂಸ್ಥೆ. ಯುದ್ಧ ತಡೆಯಲಿಲ್ಲ, ಆದರೆ ಈ ಪಟ್ಟಿ ಉಳಿಯಿತು. ತಿದ್ದುಪಡಿ ಆಗ್ತಾ ಆಗ್ತಾ ಇವತ್ತು ರಿಪೋರ್ಟ್‌ನಲ್ಲಿ ಕಾಣೋ ‘ಸ್ಟೇಜ್’ ಆಗಿದೆ. ಮೊದಲ ಹಂತ ಅಂದ್ರೆ ಗಡ್ಡೆ ಇನ್ನೂ ಗರ್ಭಕಂಠದೊಳಗೇ ಇದೆ ಅಂತ.

ಯುರೋಪ್‌ನಲ್ಲಿ ಚಾಕು ಬದಿಗೆ ಹೋಗಿದ್ದಾಗ ಅದನ್ನು ಹರಿತ ಮಾಡುತ್ತಿದ್ದವರು ಜಪಾನಿನವರು. ಕ್ಯೋಟೋದ ಹಿಡೆಕಾಜು ಒಕಬಯಾಶಿ 1921ರಲ್ಲಿ ಪ್ರಕಟಿಸಿದ ವಿಧಾನ ವರ್ಥೈಮ್‌ನದಕ್ಕಿಂತ ಇನ್ನೂ ವಿಸ್ತಾರ. ಆದರೆ ಬಹಳ ತೆಗೆದಾಗ ನರಗಳೂ ಹೋಗಿ, ಬದುಕಿದವರಿಗೆ ಮೂತ್ರ ಬರ್ತಿದೆ ಅಂತ ಗೊತ್ತೇ ಆಗದ ಸ್ಥಿತಿ. ಮುಂದೆ ಟೋಕಿಯೋದ ಕೊಬಯಾಶಿ ಆ ನರಗಳನ್ನು ಹುಡುಕಿ ಉಳಿಸೋ ಪಾಠ ಕಲಿಸಿದರು. ಇವತ್ತು ನರ ಉಳಿಸುವ ಆಪರೇಷನ್ ಅನ್ನೋದರ ಬೇರು ಅಲ್ಲಿದೆ.

ಪಶ್ಚಿಮದಲ್ಲಿ ಚಾಕುವನ್ನು ಮತ್ತೆ ಕೈಗೆತ್ತಿಕೊಂಡವರು ಬಾಸ್ಟನ್‌ನ ಜೋ ಮೀಗ್ಸ್. ಅಷ್ಟು ಹೊತ್ತಿಗೆ ರಕ್ತ ಕೊಡೋಕೆ ಆಗ್ತಿತ್ತು, ಪೆನಿಸಿಲಿನ್ ಬಂದಿತ್ತು. 1944ರಲ್ಲಿ ಮೀಗ್ಸ್ ವರ್ಥೈಮ್‌ನ ಆಪರೇಷನ್‌ಗೆ ಸೊಂಟದ ಗ್ರಂಥಿಗಳನ್ನೆಲ್ಲ ತೆಗೆಯೋದನ್ನೂ ಸೇರಿಸಿ ವರದಿ ಮಾಡಿದರು. ಮೊದಲ ಹಂತದ ಹೆಂಗಸರಲ್ಲಿ ನೂರಕ್ಕೆ 75 ಮಂದಿ ಉಳಿದುಕೊಂಡರು. ಪಳಗಿದ ಕೈಗಳಲ್ಲಿ ಆಪರೇಷನ್‌ನ ಸಾವು ನೂರಕ್ಕೆ ಒಂದು. ವರ್ಥೈಮ್ ಕಾಲದ 30 ಎಲ್ಲಿ, ಈ ಒಂದು ಎಲ್ಲಿ!

ನಮ್ಮ ದೇಶದ ಅಧ್ಯಾಯ ಇಲ್ಲಿ ಬರುತ್ತೆ, ಇದು ನಮ್ಮಲ್ಲೇ ಎಷ್ಟು ಜನರಿಗೆ ಗೊತ್ತೋ. ಕೋಲ್ಕತ್ತಾದ ಡಾ. ಸುಬೋಧ್ ಮಿತ್ರಾ ಗುರು ಶಿಷ್ಯರ ಆ ಹಳೇ ಜಗಳವನ್ನು ಬೇರೆ ರೀತಿಯಲ್ಲಿ ಬಿಡಿಸಿದರು. ಶೌಟಾ ಮಾಡಿದ ಹಾಗೆ ಯೋನಿಯ ಮೂಲಕ ಗರ್ಭಕೋಶ ತೆಗೆಯೋದು. ಗ್ರಂಥಿಗಳಿಗೆ ಪಕ್ಕದಿಂದ ಕೊಯ್ದು, ಹೊಟ್ಟೆಯ ಒಳಪೊರೆ ಹರಿಯದ ಹಾಗೆ ಅದರ ಹಿಂದಿನಿಂದಲೇ ಹೋಗಿ ತೆಗೆಯೋದು. ಗುರುವಿನ ಸುರಕ್ಷತೆ, ಶಿಷ್ಯನ ವಿಸ್ತಾರ, ಎರಡೂ ಬಂತು. ಇದನ್ನು ‘ಮಿತ್ರಾ ಆಪರೇಷನ್’ ಅಂತಲೇ ಜಗತ್ತು ಕರೀತು. 1960ರಲ್ಲಿ ಅದೇ ಹೆಸರಿನ ಪುಸ್ತಕವೂ ಬಂತು. ಅವರು ಕಟ್ಟಿ ಬೆಳೆಸಿದ ಚಿತ್ತರಂಜನ್ ಕ್ಯಾನ್ಸರ್ ಆಸ್ಪತ್ರೆಯನ್ನು 1950ರ ಜನವರಿ 2ರಂದು ಉದ್ಘಾಟಿಸಿದ್ದು ಯಾರು ಗೊತ್ತಾ? ಇರೆನ್ ಜೋಲಿಯೊ ಕ್ಯೂರಿ. ಮೇರಿ ಕ್ಯೂರಿಯ ಮಗಳು. ಚಾಕುವಿನ ಕಡೆಯವರ ಆಸ್ಪತ್ರೆಗೆ ರೇಡಿಯಂ ಮನೆಯ ಮಗಳು ಬಂದು ದೀಪ ಹಚ್ಚಿದ ಹಾಗೆ.

ಸರಿ, ಹಾಗಾದ್ರೆ ಚಾಕುನೋ ರೇಡಿಯೇಷನ್ನೋ? ಈ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು 1997ರಲ್ಲಿ, ಇಟಲಿಯಿಂದ. 343 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ರೇಡಿಯೇಷನ್ ಕೊಟ್ಟರು. ಐದು ವರ್ಷದ ನಂತರ ಎರಡೂ ಗುಂಪಲ್ಲಿ ಬದುಕಿದ್ದವರು ನೂರಕ್ಕೆ 83. ತಕ್ಕಡಿ ಅಲುಗಾಡಲೇ ಇಲ್ಲ. ಆದರೆ ಗಂಭೀರ ತೊಂದರೆಗಳು ಆಪರೇಷನ್ ಗುಂಪಲ್ಲಿ ನೂರಕ್ಕೆ 28, ರೇಡಿಯೇಷನ್ ಗುಂಪಲ್ಲಿ 12. ಯಾಕಪ್ಪಾ ಅಂದ್ರೆ ಆಪರೇಷನ್ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಮೇಲೆ ರೇಡಿಯೇಷನ್ನೂ ಬೇಕಾಯಿತು. ಎರಡೂ ಪೆಟ್ಟು ಒಂದೇ ದೇಹಕ್ಕೆ. ಅದಕ್ಕೇ ಇವತ್ತು ಗಡ್ಡೆ ದೊಡ್ಡದಿದ್ದರೆ ಆಪರೇಷನ್ ಹಾದಿ ಹಿಡಿಯದೆ ನೇರವಾಗಿ ರೇಡಿಯೇಷನ್‌ಗೆ, ಜೊತೆಗೆ ಕಿಮೊಗೆ ಕಳಿಸ್ತಾರೆ. ಚಿಕ್ಕ ಗಡ್ಡೆ, ಚಿಕ್ಕ ವಯಸ್ಸು ಇದ್ದರೆ ಆಪರೇಷನ್ ಕಡೆಗೆ ವಾಲ್ತಾರೆ. ಅಂಡಾಶಯ ಉಳಿಸಬಹುದು, ಮೂವತ್ತೈದಕ್ಕೇ ಮುಟ್ಟು ನಿಲ್ಲೋದು ತಪ್ಪುತ್ತೆ.

ಆಗ ಬಂತು ಕೀಹೋಲ್ ಕಾಲ. 1990ರ ದಶಕದಲ್ಲಿ ಲ್ಯಾಪರೊಸ್ಕೋಪಿ, 2005ರ ನಂತರ ರೋಬೋಟ್. ಹೊಟ್ಟೆಗೆ ಗಾಳಿ ತುಂಬಿ, ಕ್ಯಾಮೆರಾ ತೂರಿಸಿ, ಸಣ್ಣ ತೂತುಗಳಲ್ಲೇ ವರ್ಥೈಮ್ ಆಪರೇಷನ್ ಮುಗಿಸೋದು. ರಕ್ತ ಕಡಿಮೆ ಹೋಗುತ್ತೆ, ನೋವು ಕಡಿಮೆ, ಬೇಗ ಮನೆಗೆ. ಅಮೆರಿಕದಲ್ಲಿ 2010ರಿಂದ 2013ರ ಲೆಕ್ಕ ತೆಗೆದರೆ ಇಂಥ ಆಪರೇಷನ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ಹೀಗೇ ಆಗಿದ್ದವು. ಒಳಗೆ ತೆಗೆಯೋದು ಅಷ್ಟೇ, ಹೊರಗಿನ ಗಾಯ ಮಾತ್ರ ಚಿಕ್ಕದು. ಹಾಗಂದ ಮೇಲೆ ಫಲಿತಾಂಶ ಒಂದೇ ಇರಲೇಬೇಕಲ್ಲ ಅಂತ ಎಲ್ಲರೂ ಅಂದುಕೊಂಡರು. ಚೀಟಿ ಎತ್ತಿ ಗುಂಪು ಮಾಡಿ ದೊಡ್ಡದಾಗಿ ಪರೀಕ್ಷಿಸೋ ಮೊದಲೇ ಅದು ರೂಢಿಯಾಗಿಬಿಟ್ಟಿತ್ತು.

ಪರೀಕ್ಷಿಸೋಕೆ ಹೊರಟವರು ಹ್ಯೂಸ್ಟನ್‌ನ ಪೆಡ್ರೊ ರಾಮಿರೆಜ್ ಮತ್ತು ಜಗತ್ತಿನ 33 ಆಸ್ಪತ್ರೆಗಳ ಸರ್ಜನ್‌ಗಳು. ಅಧ್ಯಯನದ ಹೆಸರು ಲ್ಯಾಕ್. ನೆನಪಿಡಿ, ಇವರು ಕೀಹೋಲ್ ವಿರೋಧಿಗಳಲ್ಲ. ಕೀಹೋಲ್ ಏನೂ ಕಮ್ಮಿಯಿಲ್ಲ ಅಂತ ತೋರಿಸೋದೇ ಅಧ್ಯಯನದ ಉದ್ದೇಶವಾಗಿತ್ತು. 2008ರಲ್ಲಿ ಶುರುವಾಯಿತು. ಮಧ್ಯದಲ್ಲಿ ಲೆಕ್ಕ ನೋಡಿದ ಮೇಲ್ವಿಚಾರಣಾ ಸಮಿತಿ ಗಾಬರಿಯಾಗಿ, ಹೊಸಬರನ್ನು ಸೇರಿಸಿಕೊಳ್ಳೋದು ನಿಲ್ಲಿಸಿ ಅಂದಿತು. 2018ರಲ್ಲಿ ಫಲಿತಾಂಶ ಹೊರಬಿತ್ತು.

ಕೀಹೋಲ್ ಗುಂಪು 319 ಮಂದಿ. ಓಪನ್ ಗುಂಪು, ಅಂದ್ರೆ ಹೊಟ್ಟೆ ಕೊಯ್ದವರು, 312 ಮಂದಿ. ಹೆಚ್ಚುಕಡಿಮೆ ಸಮ. ಕ್ಯಾನ್ಸರ್ ಮರಳಿ ಬಂದದ್ದು ಕೀಹೋಲ್ ಗುಂಪಲ್ಲಿ 27 ಮಂದಿಗೆ, ಓಪನ್ ಗುಂಪಲ್ಲಿ 7 ಮಂದಿಗೆ. ತೀರಿಕೊಂಡವರು ಕೀಹೋಲ್‌ನಲ್ಲಿ 19, ಓಪನ್‌ನಲ್ಲಿ 3.

ಹತ್ತೊಂಬತ್ತು, ಮೂರು. ಈ ಸಂಖ್ಯೆ ಓದಿದಾಗ ನಾನು ಸ್ಕ್ರೀನ್ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಅದೇ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಅಮೆರಿಕದ 2,461 ಹೆಂಗಸರ ದಾಖಲೆ ಜಾಲಾಡಿದ ಇನ್ನೊಂದು ಲೇಖನವೂ ಇತ್ತು. ನಾಲ್ಕು ವರ್ಷದೊಳಗಿನ ಸಾವು ಕೀಹೋಲ್‌ನಲ್ಲಿ ನೂರಕ್ಕೆ 9.1, ಓಪನ್‌ನಲ್ಲಿ 5.3. ಮತ್ತೊಂದು ಮಾತು ಅದರಲ್ಲಿತ್ತು. ಈ ಆಪರೇಷನ್ ಆದವರ ಬದುಕುಳಿಯುವ ಪ್ರಮಾಣ 2006ರವರೆಗೆ ಸ್ಥಿರವಾಗಿದ್ದದ್ದು, ಕೀಹೋಲ್ ಹರಡೋಕೆ ಶುರುವಾದ ಮೇಲೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಕುಸಿದಿತ್ತು. ಯಾರಿಗೂ ಗೊತ್ತಾಗಿರಲಿಲ್ಲ. ಪ್ರತಿ ಸರ್ಜನ್‌ಗೂ ತನ್ನ ಹತ್ತು ಪೇಷೆಂಟ್‌ಗಳಲ್ಲಿ ಒಂಬತ್ತು ಜನ ಚೆನ್ನಾಗೇ ಇದ್ದಾರೆ ಅಂತ ಕಾಣುತ್ತೆ, ಹತ್ತನೆಯವರದು ದುರದೃಷ್ಟ ಅನ್ನಿಸುತ್ತೆ. ಈ ವ್ಯತ್ಯಾಸ ನೂರಾರು ಜನರನ್ನು ಒಟ್ಟಿಗೆ ಎಣಿಸಿದಾಗ ಮಾತ್ರ ಕಾಣೋದು.

ಯಾಕೆ ಹೀಗಾಯಿತು? ಪೂರ್ತಿ ಸಾಬೀತಾದ ಉತ್ತರ ಇಲ್ಲ. ಬಲವಾದ ಅನುಮಾನಗಳಿವೆ. ಕೀಹೋಲ್‌ನಲ್ಲಿ ಗರ್ಭಕೋಶವನ್ನು ಅತ್ತಿತ್ತ ಎತ್ತಿ ಹಿಡಿಯೋಕೆ ಕೆಳಗಿನಿಂದ, ಗರ್ಭಕಂಠದ ಮೂಲಕವೇ, ಒಂದು ಉಪಕರಣ ತೂರಿಸ್ತಾರೆ. ಅದು ಹಾದುಹೋಗೋದು ಗಡ್ಡೆಯ ಮೇಲೇನೇ. ಆಮೇಲೆ ಯೋನಿಯನ್ನು ಹೊಟ್ಟೆಯೊಳಗಿನಿಂದ ಕತ್ತರಿಸ್ತಾರೆ. ಆ ಹೊತ್ತಿಗೆ ಗಡ್ಡೆ ತೆರೆದುಕೊಂಡಿರುತ್ತೆ, ಹೊಟ್ಟೆ ತುಂಬ ಗಾಳಿ ಸುತ್ತುತ್ತಿರುತ್ತೆ. ಯುರೋಪ್‌ನ ಆಸ್ಪತ್ರೆಗಳ ದಾಖಲೆ ನೋಡಿದ ಅಧ್ಯಯನವೊಂದರಲ್ಲಿ, ಆ ಉಪಕರಣ ಬಳಸದೆ, ಕತ್ತರಿಸೋ ಮುಂಚೆ ಯೋನಿಯನ್ನು ಮುಚ್ಚಿ ಮಾಡಿದವರಲ್ಲಿ ಕ್ಯಾನ್ಸರ್ ಮರಳಿದ್ದು ಓಪನ್ ಆಪರೇಷನ್‌ನಷ್ಟೇ ಇತ್ತು.

ಈಗ ಆ ಇಕ್ಕಳ ನೆನಪಾಯ್ತಾ? ಮೂಟೆಯ ಬಾಯಿ ಬಿಗಿದದ್ದು? ವರ್ಥೈಮ್‌ಗೆ ಆಂಟಿಬಯಾಟಿಕ್ ಗೊತ್ತಿರಲಿಲ್ಲ, ಗ್ಲೌಸ್ ಆಗಷ್ಟೇ ಬಳಕೆಗೆ ಬರ್ತಿತ್ತು. ಆದರೆ ಗಡ್ಡೆಯನ್ನು ತೆರೆದಿಡಬಾರದು ಅನ್ನೋದು ಗೊತ್ತಿತ್ತು. ಶೌಟಾ ಕೂಡ ಶುರುವಿನಲ್ಲೇ ಯೋನಿಯ ತುದಿಯನ್ನು ಗಡ್ಡೆಯ ಮೇಲೆ ಮಡಚಿ ಮುಚ್ಚುತ್ತಿದ್ದರು. ಗುರು ಶಿಷ್ಯ ಇಬ್ಬರೂ ಒಪ್ಪಿದ್ದ ಸಂಗತಿ ಬಹುಶಃ ಇದೊಂದೇ. ಕೋಟಿಗಟ್ಟಲೆ ಬೆಲೆಯ ರೋಬೋಟ್ ತಂದವರಿಗೆ ನೂರು ವರ್ಷದ ಹಿಂದಿನ ಈ ಎಚ್ಚರ ತಪ್ಪಿಹೋಗಿತ್ತು ಅಂತ ಈಗ ಅನೇಕ ಸರ್ಜನ್‌ಗಳು ಅನುಮಾನ ಪಡ್ತಿದ್ದಾರೆ.

ಲ್ಯಾಕ್ ಬಂದ ಮೇಲೆ ಚಿಕಿತ್ಸೆಯ ಮಾರ್ಗಸೂಚಿಗಳು ತಿರುಗಿಬಿದ್ದವು. ಗರ್ಭಕಂಠದ ಕ್ಯಾನ್ಸರ್‌ನ ಈ ದೊಡ್ಡ ಆಪರೇಷನ್‌ಗೆ ಹೊಟ್ಟೆ ಕೊಯ್ಯೋದೇ ಸರಿಯಾದ ದಾರಿ ಅಂತ ಬರೆದವು. ಹಾಗಂತ ಎಲ್ಲಾ ಕೀಹೋಲ್ ಆಪರೇಷನ್ ಕೆಟ್ಟದ್ದು ಅಂತ ತಿಳೀಬೇಡಿ. ಪಿತ್ತಕೋಶದ ಕಲ್ಲಿಗೆ ಅದೇ ಒಳ್ಳೇದು. ನಮ್ಮ ಕೇಳುಗರ ಅಪ್ಪನಿಗೆ ಸರಿಯಾದದ್ದೇ ಆಯಿತು.

ಹಾಗಾದ್ರೆ ಎಲ್ಲವೂ ವರ್ಥೈಮ್ ಕಾಲಕ್ಕೇ ವಾಪಸ್ಸಾ? ಇಲ್ಲ. ಹೊರಗೆ ಎಷ್ಟು ಕೊಯ್ಯಬೇಕು ಅನ್ನೋದು ಒಂದು ಪ್ರಶ್ನೆ. ಒಳಗೆ ಎಷ್ಟು ತೆಗೀಬೇಕು ಅನ್ನೋದು ಬೇರೆಯೇ ಪ್ರಶ್ನೆ. ನಾವು ಎರಡನ್ನೂ ಕಲಸಿಕೊಂಡು ‘ಚಿಕ್ಕ ಆಪರೇಷನ್’ ಅಂದುಬಿಡ್ತೀವಿ. ಮೊದಲನೇದರಲ್ಲಿ ಉಳಿತಾಯ ಮಾಡೋಕೆ ಹೋಗಿ ಪೆಟ್ಟು ಬಿತ್ತು. ಎರಡನೇದರಲ್ಲಿ ಉಳಿತಾಯ ಸಾಧ್ಯ ಅಂತ ಈಚೆಗೆ ಗೊತ್ತಾಗಿದೆ.

ಇದಕ್ಕೆ ಮುನ್ನುಡಿ ಬರೆದವರು ಫ್ರಾನ್ಸ್‌ನ ಲಿಯಾನ್ ನಗರದ ಡೇನಿಯಲ್ ದಾರ್ಜಾನ್. ಮಕ್ಕಳು ಬೇಕು ಅನ್ನೋ ಯುವತಿಯರಿಗೆ 1987ರಲ್ಲಿ ಅವರು ಬರೀ ಗರ್ಭಕಂಠವನ್ನೂ ಅದರ ಸುತ್ತಲಿನ ಅಂಗಾಂಶವನ್ನೂ ತೆಗೆದು, ಗರ್ಭಕೋಶವನ್ನು ಉಳಿಸಿ ಯೋನಿಗೆ ಹೊಲಿದರು. ಹೋದ ದಾರಿ ಶೌಟಾದೇ, ಯೋನಿಯ ಮೂಲಕ. ಆ ಆಪರೇಷನ್ ಆದ ಹೆಂಗಸರಿಗೆ ಮುಂದೆ ಸಿಸೇರಿಯನ್ ಮೂಲಕ ಮಕ್ಕಳಾದವು. ಕ್ಯಾನ್ಸರ್ ಬಂದ ಗರ್ಭಕೋಶದಿಂದ ಮಗು! 1898ರಲ್ಲಿ ಹೇಳಿದ್ದರೆ ನಗುತ್ತಿದ್ದರು.

ಆಮೇಲೆ 2024ರಲ್ಲಿ ಶೇಪ್ ಅನ್ನೋ ಅಧ್ಯಯನ ಬಂತು. ನಡೆಸಿದವರು ಕೆನಡಾದ ಮರಿ ಪ್ಲಾಂಟ್ ಮತ್ತು ಜೊತೆಯವರು. ಗಡ್ಡೆ ಎರಡು ಸೆಂಟಿಮೀಟರ್ ಮೀರದ, ಆಳಕ್ಕೆ ಇಳಿಯದ 700 ಹೆಂಗಸರು. ಅರ್ಧದಷ್ಟು ಜನಕ್ಕೆ ವರ್ಥೈಮ್ ಮಾದರಿಯ ದೊಡ್ಡ ಆಪರೇಷನ್. ಉಳಿದವರಿಗೆ ಪಕ್ಕದ ಅಂಗಾಂಶಕ್ಕೆ ಕೈ ಹಾಕದೆ ಬರೀ ಗರ್ಭಕೋಶ, ಗರ್ಭಕಂಠ ತೆಗೆಯೋದು, ಜೊತೆಗೆ ಗ್ರಂಥಿಗಳ ಪರೀಕ್ಷೆ. ಮೂರು ವರ್ಷದಲ್ಲಿ ಸೊಂಟದ ಭಾಗದಲ್ಲಿ ಕ್ಯಾನ್ಸರ್ ಮರಳಿದ್ದು ದೊಡ್ಡದರಲ್ಲಿ ನೂರಕ್ಕೆ 2.17, ಚಿಕ್ಕದರಲ್ಲಿ 2.52. ಅಂಥಾ ವ್ಯತ್ಯಾಸ ಏನಿಲ್ಲ. ಆದರೆ ಆಪರೇಷನ್ ಆಗಿ ನಾಲ್ಕು ವಾರ ಕಳೆದ ಮೇಲೂ ಮೂತ್ರ ಕಟ್ಟಿಕೊಳ್ಳೋ ತೊಂದರೆ ದೊಡ್ಡದರಲ್ಲಿ ನೂರಕ್ಕೆ ಹತ್ತು ಮಂದಿಗೆ ಇತ್ತು, ಚಿಕ್ಕದರಲ್ಲಿ ಒಬ್ಬರಿಗೂ ಕಡಿಮೆ. ಮೂತ್ರ ಸೋರೋ ತೊಂದರೆಯೂ ಅರ್ಧಕ್ಕಿಂತ ಕಡಿಮೆ. ಬಸ್ಸಲ್ಲಿ ಮೂರು ಗಂಟೆ ಕೂತು ಹೋಗಬೇಕಾದ ಹೆಂಗಸಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ನನಗೊಂದು ಅಳುಕಿದೆ, ಹೇಳಿಬಿಡ್ತೀನಿ. ಶೇಪ್ ಫಲಿತಾಂಶ ಇಟ್ಟುಕೊಂಡು ‘ಬರೀ ಗರ್ಭಚೀಲ ತೆಗೆದ್ರೆ ಸಾಕಂತೆ’ ಅಂತ ಯಾವ ನರ್ಸಿಂಗ್ ಹೋಮ್‌ನಲ್ಲಾದರೂ ಮಾಡಿಸಿಕೊಳ್ಳೋ ಅಪಾಯ ನಮ್ಮಲ್ಲಿದೆ. ಕಲಬುರಗಿ ಜಿಲ್ಲೆಯಲ್ಲಿ ಬಂಜಾರ ಹೆಂಗಸರಿಗೆ ಅಗತ್ಯವಿಲ್ಲದೆ ಗರ್ಭಕೋಶ ತೆಗೆದ ಆರೋಪ 2015ರ ಸುಮಾರಿಗೆ ದೊಡ್ಡ ಸುದ್ದಿಯಾಗಿತ್ತು, ನೆನಪಿರಬಹುದು. ಶೇಪ್‌ನಲ್ಲಿದ್ದ ಹೆಂಗಸರಿಗೆ ಮೊದಲೇ ಬಯಾಪ್ಸಿ ಆಗಿತ್ತು, ಸ್ಕ್ಯಾನ್ ಆಗಿತ್ತು, ಗಡ್ಡೆ ಅಳೆದಿತ್ತು. ಬಿಳಿ ಸೆರಗು ಅಂತ ಹೋದವರಿಗೆ ಪರೀಕ್ಷೆಯಿಲ್ಲದೆ ಗರ್ಭಕೋಶ ತೆಗೆದು, ಆಮೇಲೆ ಅದರೊಳಗೆ ಕ್ಯಾನ್ಸರ್ ಸಿಕ್ಕರೆ ಅದು ಶೇಪ್ ಅಲ್ಲ, ಅನಾಹುತ.

ಇನ್ನೊಂದು ನಿಜವನ್ನೂ ಹೇಳಬೇಕು. 2022ರ ಅಂದಾಜಿನಲ್ಲಿ ಭಾರತದಲ್ಲಿ ಆ ಒಂದೇ ವರ್ಷ ಹೊಸದಾಗಿ ಈ ಕ್ಯಾನ್ಸರ್ ಬಂದವರು ಸುಮಾರು 1.27 ಲಕ್ಷ, ತೀರಿಕೊಂಡವರು ಸುಮಾರು 80 ಸಾವಿರ. ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗಳಿಗೆ ಬರೋರಲ್ಲಿ ಹೆಚ್ಚಿನವರದು ಆಪರೇಷನ್ ಹಂತ ದಾಟಿರುತ್ತೆ, ಅವರು ಹೋಗೋದು ರೇಡಿಯೇಷನ್‌ಗೇ. ಓಪನ್ನಾ ಕೀಹೋಲಾ ಅಂತ ಕೇಳೋ ಅವಕಾಶ ಸಿಕ್ಕಿದ್ದೇ ನಮ್ಮ ಕೇಳುಗರ ಅಮ್ಮನಿಗೆ ಬೇಗ ಪತ್ತೆಯಾಗಿದ್ದರಿಂದ.

ಅವರಿಗೆ ನಾನು ಇದೆಲ್ಲ ಹೇಳಿದೆ. ಮೊನ್ನೆ ಮತ್ತೆ ವಾಯ್ಸ್ ನೋಟ್ ಬಂತು. ಡಾಕ್ಟರ್ ಹತ್ತಿರ ಹೋಗಿ ಕೂತು ಕೇಳಿದ್ರಂತೆ. ಗಡ್ಡೆ ಎಷ್ಟು ಸೆಂಟಿಮೀಟರ್? ಆಪರೇಷನ್ ಆದ ಮೇಲೂ ರೇಡಿಯೇಷನ್ ಬೇಕಾಗೋ ಸಾಧ್ಯತೆ ಎಷ್ಟು? ನೀವು ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಮಾಡ್ತೀರಿ? ಡಾಕ್ಟರ್ ಬೇಜಾರು ಮಾಡಿಕೊಳ್ಳದೆ ಒಂದು ಹಾಳೆ ತಗೊಂಡು ಚಿತ್ರ ಬರೆದು ತೋರಿಸಿದ್ರಂತೆ. ಗಡ್ಡೆ ಮೂರು ಸೆಂಟಿಮೀಟರ್. ಅಂದ್ರೆ ಶೇಪ್ ಲೆಕ್ಕಕ್ಕೆ ಬರೋಲ್ಲ. ಹೊಟ್ಟೆ ಕೊಯ್ದೇ ಮಾಡೋದು ಅಂತ ನಿರ್ಧಾರ ಆಗಿದೆ. ‘ಗಾಯ ದೊಡ್ಡದಾಗುತ್ತೆ ಅಂತ ಅಮ್ಮನಿಗೆ ಚಿಂತೆಯಿಲ್ಲ, ಮನೇಲಿ ಯಾರು ಅಡುಗೆ ಮಾಡ್ತಾರೆ ಅನ್ನೋದೇ ಚಿಂತೆ’ ಅಂದ್ರು. ಅಡುಗೆ ಇವರೇ ಕಲೀತಿದ್ದಾರಂತೆ, ಸದ್ಯಕ್ಕೆ ಉಪ್ಪಿಟ್ಟಿಗೆ ಬಂದು ನಿಂತಿದ್ದಾರೆ.

ಆಪರೇಷನ್ ಮುಂದಿನ ಗುರುವಾರ. ನಾವು ಅದರ ಮರುದಿನ ಹೊಸ ಸಂಚಿಕೆಯ ಜೊತೆ ಸಿಗೋಣ.